ಕುರುವಿನ ಬೀಗರು

“ಸೂಜಿ ಎಲ್ಲಿ ಬೇಕಾದ್ರ ಚುಚ್ಚ್ರಿ ಸಾಹೇಬ್ರ, ಆದ್ರ ಮೊದಲ ಈ ಮನಿಷ್ಯಾನ್ನ ಹೊರಗ ಹಾಕ್ರಿ!” ಅಂದಳು ಸಗರದ ಬಾಲಮ್ಮ, ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು.

ಆ ಮನುಷ್ಯ ಎಂದರೆ ಖಂಡಪ್ಪ. ಶಹಾಪುರದ ದವಾಖಾನೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವುದು ಅವನ ಕೆಲಸ. ಆ ಹೊತ್ತಿನಲ್ಲಿ ಅವನ ಕೈಯಲ್ಲಿ ಕತ್ತರಿ ಇರಲಿಲ್ಲ, ಉರಿಯುವ ಔಷಧವೂ ಇರಲಿಲ್ಲ. ಇದ್ದದ್ದು ಮುಖದ ತುಂಬ ನಗೆಯೊಂದೇ.

“ಯಾಕಮ್ಮಾ, ಏನು ಮಾಡಿದ ಅವನು?” ಎಂದು ಕೇಳಿದರು ಡಾಕ್ಟರ್ ಚೆಲುವರಾಯರು.

“ಏನ್ ಮಾಡ್ಯಾನ? ಹಲ್ಲ ಕಿಸದಾನ! ‘ಯಮ್ಮಾ, ನಿನ್ನ ತೋಳಿನಾಗ ಮಾಂಸಾನೇ ಇಲ್ಲ, ಸೂಜಿ ಈ ಕಡಿ ಹೋಗಿ ಆ ಕಡಿ ನಿನ್ನ ಸೊಸಿಗಿ ಚುಚ್ಚತದ’ ಅಂತಾನ್ರಿ. ನಾ ಇವರವ್ವನ ಸಂಗಾಟ ಒಂದೇ ಬೀಸೋ ಕಲ್ಲಿನಾಗ ಜ್ವಾಳ ಬೀಸಿದಾಕಿ. ತಾಯಿ ಸಮಾನ. ನನ್ನ ಮುಂದ ಚ್ಯಾಷ್ಟಿ ಮಾಡ್ತಾನ?”

ಬಾಗಿಲ ಹೊರಗೆ ಕೂತಿದ್ದ ಸೊಸೆ ಕಿಸಕ್ಕನೆ ನಕ್ಕಳು. ಬಾಲಮ್ಮ ಸೂಜಿಯ ನೋವನ್ನು ಕ್ಷಮಿಸಿದಳು, ಆ ನಗೆಯನ್ನು ಕ್ಷಮಿಸಲಿಲ್ಲ.

ಇದೆಲ್ಲ ಡಾಕ್ಟರರ ಹುಕುಮಿನಂತೆ ನಡೆದದ್ದು. ರಾಜ್ಯ ಒಂದಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕಚೇರಿಗಳ ಮೇಲಿನ ಉರ್ದು ಫಲಕ ಇಳಿದು ಕನ್ನಡ ಫಲಕ ಏರಿತ್ತು. ಸಾಹೇಬರುಗಳು ಹೈದರಾಬಾದಿನಿಂದ ಬರುವುದು ನಿಂತು ಮೈಸೂರಿನಿಂದ ಬರುವುದು ಶುರುವಾಗಿತ್ತು. ಮಂಡ್ಯದ ಕಡೆಯ ಚೆಲುವರಾಯರು ಹಾಗೆ ವರ್ಗವಾಗಿ ಬಂದವರು. ಬರುವಾಗ ಒಂದು ತಗಡಿನ ಟ್ರಂಕು ತಂದಿದ್ದರು, ತಲೆಯಲ್ಲೊಂದು ಹೊಸ ವಿಚಾರ ತಂದಿದ್ದರು. ಹೆದರಿದ ರೋಗಿಯ ಮೈ ಬಿಗಿಯುತ್ತದೆ, ಬಿಗಿದ ಮೈಗೆ ನೋವು ಹೆಚ್ಚು. ಅದೇ ನಗುತ್ತಿದ್ದರೆ ಮೈ ಸಡಿಲ, ನೋವು ಅರ್ಧ. ಎಲ್ಲೋ ಓದಿದ್ದರು. ಮೇಜಿನ ಕಾಲು ಹಿಡಿದುಕೊಂಡ ರೋಗಿಗಳು ಮೇಜನ್ನೂ ಎಳೆದುಕೊಂಡು ಬಾಗಿಲ ತನಕ ಹೋಗುವ ಊರಿನಲ್ಲಿ ಈ ವಿಚಾರ ಬಂಗಾರದಂಥದ್ದೇ.

ಮೊದಲು ತಾವೇ ಪ್ರಯತ್ನಪಟ್ಟರು. ಹಲ್ಲು ಕೀಳಿಸಲು ಬಂದ ರೈತನೊಬ್ಬನಿಗೆ ಮೈಸೂರಿನ ಒಬ್ಬ ಗುಮಾಸ್ತ, ಒಬ್ಬ ದರ್ಜಿಯ ಕತೆಯನ್ನು ಕೈ ತಿರುವಿ ಕಣ್ಣು ಹೊರಳಿಸಿ ಹೇಳಿದರು. ರೈತ ಕೈ ಕಟ್ಟಿಕೊಂಡು ಗಂಭೀರವಾಗಿ ಪೂರ್ತಿ ಕೇಳಿಸಿಕೊಂಡು, “ಇದನ್ನ ಉಂಡ ಮ್ಯಾಲ ಕೇಳೋದೋ, ಉಣ್ಣಾಕಿಂತ ಮೊದಲೋ ಸಾಹೇಬ್ರ?” ಎಂದು ಕೇಳಿದ. ಅವತ್ತೇ ನಗಿಸುವ ಕೆಲಸ ಖಂಡಪ್ಪನಿಗೆ ಬಂತು.

ಖಂಡಪ್ಪನಿಗೆ ತಾನು ಇದಕ್ಕೆ ತಕ್ಕವನೇ ಅನ್ನಿಸಿತು. ಹಿಂದೊಮ್ಮೆ ಸಗರದ ದೊಡ್ಡಾಟದಲ್ಲಿ ನಗಿಸುವ ಸಾರಥಿಗೆ ಹೊಟ್ಟೆ ಕೆಟ್ಟು, ಇವನು ಆ ಪಾತ್ರ ಕಟ್ಟಿದಾಗ ಜನ ಬಿದ್ದು ಬಿದ್ದು ನಕ್ಕಿದ್ದರು. ನಕ್ಕಿದ್ದು ಮಾತಿಗೋ, ಮೊಳೆಗೆ ಸಿಕ್ಕು ಬಿಚ್ಚಿಹೋದ ಧೋತ್ರಕ್ಕೋ ಎಂಬ ಬಗ್ಗೆ ಸಗರದಲ್ಲಿ ಎರಡು ಪಕ್ಷಗಳಿವೆ. ನಾವು ಯಾವ ಪಕ್ಷಕ್ಕೂ ಸೇರುವುದು ಬೇಡ.

“ಇನ್ನ ಮ್ಯಾಲ ನಾ ಬರೇ ಪಟ್ಟಿ ಕಟ್ಟಾಂವ ಅಲ್ಲ,” ಎಂದು ಅಂದು ಮನೆಗೆ ಹೋಗಿ ಹೆಂಡತಿ ಮಲಕಮ್ಮನಿಗೆ ಹೇಳಿದ. “ಅರ್ಧ ಡಾಕ್ಟರ್ ಆದಂಗ.”

“ಯಾವ ಅರ್ಧ? ಮ್ಯಾಲಿಂದೋ, ತೆಳಗಿಂದೋ?” ಅಂದಳು ಮಲಕಮ್ಮ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಬಾಲಮ್ಮ ಸಿಟ್ಟಾಗಿ ಹೋದ ಮೇಲೆ ಡಾಕ್ಟರರು, “ಹೋಗ್ಲಿ ಬಿಡಪ್ಪಾ, ಮುದುಕಿಗೆ ಸಂಕೋಚ,” ಅಂದರು. ಸಂಕೋಚವಲ್ಲ, ಅದು ಆ ಸೀಮೆಯ ಕಾನೂನು ಎಂಬುದು ಪಾಪ ಅವರಿಗೆ ಹೇಗೆ ತಿಳಿಯಬೇಕು? ತಿಳಿದಿರಬೇಕಾದ ಖಂಡಪ್ಪನಿಗೆ ಕೀರ್ತಿಯ ಭರದಲ್ಲಿ ಅದು ಮರೆತಿತ್ತು.

ಮಾರನೆಯ ವಾರ ವನದುರ್ಗದಿಂದ ದೇವಿಂದ್ರಪ್ಪ ಬಂದ. ಬಂದ ಎನ್ನುವುದಕ್ಕಿಂತ ತರಲ್ಪಟ್ಟ ಎನ್ನಬೇಕು. ದೊಡ್ಡ ಕುರಿಹಿಂಡಿನ ಯಜಮಾನ, ಕೋಲೊಂದನ್ನೇ ಹಿಡಿದು ತೋಳಗಳನ್ನು ಅಟ್ಟಿದವನು, ಅವನ ಮೀಸೆ ಕಂಡರೆ ಹಿಂಡಿನ ಟಗರೂ ದಾರಿ ಬಿಡುತ್ತಿತ್ತಂತೆ. ಅಂಥವನು ಚಕ್ಕಡಿಯಲ್ಲಿ ಕಂಬಳಿಯ ಮೇಲೆ ಬೋರಲಾಗಿ ಮಲಗಿದ್ದ. ಎಡಗಡೆಯ ಕುಂಡೆಯ ಮೇಲೆ ಬೆಲ್ಲದ ಅಚ್ಚಿನಷ್ಟು ಗಾತ್ರದ ಕುರು. ಜೊತೆಗೆ ಹೆಂಡತಿ ಗೊಲ್ಲಾಳಮ್ಮ, ತಮ್ಮ, ತಮ್ಮನ ಮಕ್ಕಳು.

“ಹಣ್ಣಾಗಿದೆ. ಈಗಲೇ ಕೊಯ್ಯಬೇಕು. ಬಿಟ್ರೆ ನಂಜು ಮೈಗೆಲ್ಲ ಏರುತ್ತೆ,” ಅಂದರು ಡಾಕ್ಟರರು.

ತಟ್ಟೆಯಲ್ಲಿ ಮಿಣುಗುಡುವ ಚೂರಿ ಕಂಡದ್ದೇ ತೋಳ ಅಟ್ಟಿದವನ ಮುಖ ಬೂದಿಯಾಯಿತು. ಮೇಜನ್ನು ತಬ್ಬಿಕೊಂಡ. ಡಾಕ್ಟರರು ಹುಬ್ಬು ಹಾರಿಸಿದರು. ಖಂಡಪ್ಪ ಗಂಟಲು ಸರಿಮಾಡಿಕೊಂಡು ಮುಂದೆ ಬಂದ.

“ಏನ್ರೀ ಯಜಮಾನ್ರ, ನಿಮ್ಮೂರ ಕ್ವಾಟಿ ಊರಾಗ ಬಿಟ್ಟು ಬರೋದಲ್ಲ? ಇಲ್ಲೀ ಮಟ ಹೊತ್ಕೊಂಡು ಬಂದೀರಲ್ಲ! ಬುರುಜು ಭಾರಿ ಕಟ್ಸೀರಿ ಬಿಡ್ರಿ. ಆದ್ರ ನಿಜಾಮ್ ಸರಕಾರದ ಕ್ವಾಟಿನೇ ಒಂದು ವಾರ ನಿಲ್ಲಲಿಲ್ಲ, ನಿಮ್ಮದೆಷ್ಟ ತಾಸು ನಿಂತೀತು?”

ಕಿಟಕಿಯಲ್ಲಿ ಇಣುಕುತ್ತಿದ್ದ ತಮ್ಮನ ಮಕ್ಕಳು ಭುಗಿಲ್ಲೆಂದು ನಕ್ಕರು. ತಮ್ಮ ನಕ್ಕ. ಗೊಲ್ಲಾಳಮ್ಮ ಸೆರಗಿನೊಳಗೆ ನಕ್ಕಳು. ಕೊನೆಗೆ ದೇವಿಂದ್ರಪ್ಪನೇ ನಕ್ಕುಬಿಟ್ಟ! ಮೈ ಕುಲುಕಿತು, ಮೇಜು ತಬ್ಬಿದ್ದ ಕೈ ಸಡಿಲಾಯಿತು. ತಮ್ಮ ವಿಚಾರ ಕಣ್ಣೆದುರೇ ಗೆದ್ದದ್ದು ಕಂಡು ಡಾಕ್ಟರರ ಮುಖ ಅರಳಿತು. ಚೂರಿ ಎತ್ತಿದರು.

“ತಡೀರಿ!” ಅಂದ ದೇವಿಂದ್ರಪ್ಪ. ನಗೆ ನಿಂತಿತ್ತು. ಧೋತ್ರ ಸರಿಮಾಡಿಕೊಂಡು ಮೊಣಕೈ ಊರಿ ಎದ್ದ. “ತಮ್ಮಾ, ನಿಮ್ಮ ಜನಾ ಯಾರು?”

“ನಿಮ್ಮವರೇ ಅದೀವ್ರಿ. ಕುರಿಯವರೇ.”

“ಬೆಡಗು ಯಾವುದು?”

ಖಂಡಪ್ಪ ಹೇಳಿದ. ದೇವಿಂದ್ರಪ್ಪ ಮೀಸೆಯ ಒಂದು ತುದಿ ತಿರುವಿದ. “ನಮ್ಮ ಬೆಡಗಲ್ಲ. ಹಂಗಾರ ನೀವು ನಮಗ ಬರ್ತೀರಿ.”

ಇಲ್ಲಿ ಒಂದು ಮಾತು ಬಿಡಿಸಿ ಹೇಳಲೇಬೇಕು. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಬೇರೆ ಬೆಡಗಿನವರು ಹೆಣ್ಣು ಕೊಟ್ಟು ತರಲು ಬರುವವರು. ಇನ್ನು ನಗೆ. ಅದು ಆ ಕಡೆ ಸಂತೆಯಲ್ಲಿ ಬಿದ್ದ ಸರಕಲ್ಲ, ಯಾರು ಬೇಕಾದರೂ ಎತ್ತಿಕೊಳ್ಳಲು. ಹಿರಿಯರನ್ನು ನಗುವಂತಿಲ್ಲ, ಅಣ್ಣತಮ್ಮಂದಿರನ್ನು ನಗುವಂತಿಲ್ಲ, ಅಪರಿಚಿತರನ್ನಂತೂ ಇಲ್ಲವೇ ಇಲ್ಲ. ಆದರೆ ಬೀಗರು ಬೀಗರಿಗೆ ಏನು ಬೇಕಾದರೂ ಅನ್ನಬಹುದು. ಮೀಸೆ, ಹೊಟ್ಟೆ, ಮಗ, ಮಗಳು, ಎಮ್ಮೆ ಯಾವುದನ್ನೂ ಬಿಡಬೇಕಿಲ್ಲ. ಅನ್ನಿಸಿಕೊಂಡವನು ನಗಬೇಕು, ಇಲ್ಲವೆ ತಿರುಗಿ ಅನ್ನಬೇಕು, ಸಿಟ್ಟಾದರೆ ಸೋತ.

“ಮೈಮ್ಯಾಲ ಅರಿಬಿ ಇಲ್ಲದಾಗ ನನಗ ನಗೋ ಹಕ್ಕು ಯಾರಿಗದ? ಬೀಗರಿಗಷ್ಟೇ ಅದ,” ಅಂದ ದೇವಿಂದ್ರಪ್ಪ ನಿಧಾನವಾಗಿ, ನ್ಯಾಯ ಹೇಳುವವನಂತೆ. “ನೀ ನಕ್ಕಿ. ಅಂದ್ರ ನಿನ್ನ ಮನಸಿನಾಗ ಏನೋ ಅದ. ಬಾಯಿಬಿಟ್ಟು ಕೇಳಾಕ ನಾಚಿಕಿ. ಹೌದಲ್ಲೋ?”

ಖಂಡಪ್ಪನಿಗೆ ಬೇಕಾದದ್ದು ಇವನು ತಿರುಗಿ ಮಲಗುವುದಷ್ಟೆ. “ಹೌದ್ರಿ, ಹೌದ್ರಿ, ಮಕ್ಕೊಳ್ರಿ.”

“ಮಗಳು ಅದಾಳ?”

“ಅದಾಳ್ರಿ. ಮಕ್ಕೊಳ್ರಿ.”

“ವಯಸ್ಸಿಗಿ ಬಂದಾಳ?”

“ಬಂದಾಳ್ರಿ. ಬೋರಲ ಮಕ್ಕೊಳ್ರಿ.”

“ಹಂಗಾರ ಇವತ್ತ ಬ್ಯಾಡ,” ಎಂದು ದೇವಿಂದ್ರಪ್ಪ ಮೇಜಿನಿಂದ ಇಳಿದೇಬಿಟ್ಟ. “ಬರಿಗೈಲೆ ಬಂದು ಬೀಗರ ಕೈಲೆ ಕುರು ಕೊಯ್ಸಿಕೊಳ್ಳೋದು ನಮ್ಮ ಮನಿತನಕ್ಕ ಶೋಭಾ ಅಲ್ಲ. ನಾಳಿಗಿ ಎಲಿ ಅಡಕಿ ತೊಗೊಂಡು ಬರ್ತೀವಿ.”

ಚಕ್ಕಡಿ ಹೋಯಿತು. ಚೂರಿ ಹಿಡಿದೇ ನಿಂತಿದ್ದ ಡಾಕ್ಟರರು, “ಏನಂತಪ್ಪಾ?” ಅಂದರು.

“ನಾಳೆ ಬರ್ತಾರಂತ್ರಿ,” ಅಂದ ಖಂಡಪ್ಪ. ಅವನಿಗೆ ತಿಳಿದದ್ದೂ ಅಷ್ಟೇ. ಎಲೆ ಅಡಿಕೆ ತನ್ನ ಹಾಸ್ಯಕ್ಕೆ ಸಿಗುವ ಮರ್ಯಾದೆ ಎಂದುಕೊಂಡು ಅಂದು ಸಂಜೆ ಎದೆಯುಬ್ಬಿಸಿ ಮನೆಗೆ ಹೋದ.

ಬೆಳಿಗ್ಗೆ ಎದುರುಮನೆಯ ಶರೀಫಾಬೀ ಓಡಿಬಂದಳು. “ಮಲಕಮ್ಮಾ, ಮಲಕಮ್ಮಾ! ನಿಮ್ಮ ಮನಿಗಿ ಚಕ್ಕಡಿ ಒಳಗ ಹೆಣ ತಂದಾರವ್ವಾ! ಬೋರಲ ಬಿದ್ದದ!” ಮತ್ತೆ ತಿರುಗಿ ನೋಡಿ, “ಅಲ್ಲಲ್ಲ, ತಡಿ. ಹೆಣ ಮೀಸಿ ತಿರುವಾಕತ್ತದ!”

ಅಂಗಳದಲ್ಲಿ ಕರಿ ಕಂಬಳಿ ಹಾಸಿದರು. ಮೇಲೆ ಎಲೆ, ಅಡಿಕೆ, ತೆಂಗಿನಕಾಯಿ, ಖಣ. ಅವುಗಳ ಪಕ್ಕದಲ್ಲಿ ದೇವಿಂದ್ರಪ್ಪನನ್ನು ನಾಲ್ವರು ಇಳಿಸಿದರು. ಹೆಣ್ಣು ಕೇಳಲು ಬಂದ ಹಿರಿಯ ಗದ್ದವನ್ನು ಅಂಗೈ ಮೇಲಿಟ್ಟು ಬೋರಲು ಮಲಗಿರುವ ನೋಟವನ್ನು ಆ ಓಣಿ ಅದಕ್ಕೆ ಮುಂಚೆ ಕಂಡಿರಲಿಲ್ಲ. ಗೋಡೆಗಳ ಮೇಲೆಲ್ಲ ತಲೆಗಳೆದ್ದವು.

“ನೀರು ಆಮ್ಯಾಲ ಕೊಡವ್ವಾ,” ಅಂದಳು ಗೊಲ್ಲಾಳಮ್ಮ, ತಂಬಿಗೆ ಹಿಡಿದು ಬಂದ ಮಲಕಮ್ಮನಿಗೆ. “ಮೊದಲ ಹುಡುಗೀನ್ನ ಕರಿ. ನಮ್ಮ ಸಣ್ಣ ಮಗ ಜ್ವಾಳದ ಚೀಲ ಒಂದ ಕೈಲೆ ಎತ್ತತಾನ. ನಿನ್ನ ಗಂಡಗ ಭಾಳ ಮನಸಾಗ್ಯದ.”

ಮಲಕಮ್ಮ ಗಂಡನ ಕಡೆ ನೋಡಿದಳು. ಖಂಡಪ್ಪ ತೆಂಗಿನಕಾಯಿಯ ಕಡೆ ನೋಡಿದ.

“ಅದು ದವಾದ ನಗಿ,” ಎಂದು ಗೊಣಗಿದ. “ಸೂಜಿಗಿಂತ ಮೊದಲ ಕೊಡೋದು...”

“ಯವ್ವಾ, ನನ್ನ ಮಗಳು ತೊಟ್ಟಿಲದಾಗ ಇದ್ದಾಗೇ ನಮ್ಮ ಅಣ್ಣನ ಮಗನಿಗಿ ಅಂತ ಮಾತಾಗ್ಯದ,” ಅಂದಳು ಮಲಕಮ್ಮ. “ಬರೋ ತಿಂಗಳ ಮದಿವಿ ಅಕ್ಕಿಕಾಳು.”

ಮೀಸೆ ತಿರುವುತ್ತಿದ್ದ ಕೈ ನಿಂತಿತು.

“ಹಂಗಾರ ನಿನ್ನ ಗಂಡ ನನ್ನ ತಮ್ಮನ ಮುಂದ, ತಮ್ಮನ ಮಕ್ಕಳ ಮುಂದ, ಯಾವ ಸಂಬಂಧದಾಗ ನನಗ ನಕ್ಕಾನ?” ಅಂದ ದೇವಿಂದ್ರಪ್ಪ. “ಬೀಗ ಅಂದ್ರ ಅದು ಚ್ಯಾಷ್ಟಿ. ಬೀಗ ಅಲ್ಲಂದ್ರ ಅದು ಬೈಗಳ. ಊರಾಗ ಹುಡುಗರು ನನ್ನ ಬೆನ್ನ ಹಿಂದ ‘ಬುರುಜು ಬಂತು, ಬುರುಜು ಬಂತು’ ಅನ್ನಾಕತ್ಯಾರ. ಬೀಗರು ಅಂದ ಮಾತು ಅಂತ ನಾನೂ ನಕ್ಕೀನಿ. ಈಗ ಏನಂತ ಹೇಳ್ಲಿ? ಎತ್ರೋ ನನ್ನ! ಈ ಕುರು ಹಿಂಗೇ ಇರಲಿ. ಸತ್ರ ಸಾಯ್ತೀನಿ, ಆ ದವಾಖಾನಿ ಮೆಟ್ಟಲ ಮಾತ್ರ ಹತ್ತಂಗಿಲ್ಲ.”

ಗೊಲ್ಲಾಳಮ್ಮ ಗಂಡನ ಕತ್ತಿಗೆ ಕೈಯಿಟ್ಟು ನೋಡಿ ತುಟಿ ಕಚ್ಚಿದಳು. ಜ್ವರಕ್ಕೆ ಮೈ ಕಾದ ಹಂಚಿನಂತಿತ್ತು.

ಅಷ್ಟರಲ್ಲಿ ಒಳಗಿನಿಂದ ಮಗಳು ದೇವಕ್ಕ ಬಾಗಿಲಿಗೆ ಬಂದಳು. “ಅಪ್ಪಾ, ಖರೇ ಹೇಳು. ದವಾಖಾನ್ಯಾಗ ಇಲ್ಲೀತನ ಎಷ್ಟು ಮಂದೀನ್ನ ನಗಿಸೀದಿ? ನಾ ಒಟ್ಟು ಎಷ್ಟು ಮದಿವಿ ಆಗಬೇಕು?”

ಗೋಡೆಯ ಮೇಲಿನ ತಲೆಗಳು ಇದನ್ನು ಕೇಳಿಸಿಕೊಂಡು ಕೆಳಗಿಳಿದು ನಾಲ್ಕೂ ದಿಕ್ಕಿಗೆ ಹೋದವು. ಬೆಳಗಿನ ಬಸ್ಸಿನಲ್ಲಿ ಸುದ್ದಿ ವಡಗೇರಾಕ್ಕೆ ಹೋಯಿತು, ಮಧ್ಯಾಹ್ನದ ಬಸ್ಸಿನಲ್ಲಿ ಮಲಕಮ್ಮನ ಅಣ್ಣ ಅಮರಪ್ಪ ಬಂದಿಳಿದ. ಹೆಗಲ ಮೇಲಿನ ಟವೆಲ್ಲು ಕೈಗೆ ಬಂದಿತ್ತು.

“ಏನೋ ಖಂಡಪ್ಪಾ! ವಡಗೇರಾದಾಗ ಏನಂತಾರ ಗೊತ್ತದೇನು? ಖಂಡಪ್ಪ ಕುರು ನೋಡಿ ಹೆಣ್ಣ ಕೊಟ್ಟಾನಂತ! ನನ್ನ ಮಗನಿಗಿ ಒಂದು ಗುಳ್ಳಿ ಸುದ್ದಾ ಇಲ್ಲಲ್ಲ, ಅದಕ್ಕೇನು ಹೆಣ್ಣ ಕೊಡಂಗಿಲ್ಲ? ಬಸ್ಸಿನಾಗ ಸುರಪುರದಾಂವ ಒಬ್ಬ ನನಗೇ ಕೇಳ್ತಾನ, ಶಹಾಪುರದ ಡಾಕ್ಟರ್ ಸಾಬ್ ಒಂದೊಂದು ಆಪರೇಷನ್ನಿಗಿ ಒಂದೊಂದು ಹೆಣ್ಣು ಗೊತ್ತ ಮಾಡ್ತಾನಂತ ಹೌದೇನು ಅಂತ!”

ಅದು ಬರೀ ಮಾತಾಗಿರಲಿಲ್ಲ. ಆ ಹೊತ್ತಿಗೆ ದವಾಖಾನೆಯ ಬೆಂಚಿನ ಮೇಲೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡ ಇಬ್ಬರು ಗಟ್ಟಿ ಜವಾನರು ಕೂತಿದ್ದರು. “ಏನಪ್ಪಾ ತೊಂದ್ರೆ?” ಎಂದು ಡಾಕ್ಟರರು ಕೇಳಿದರೆ, “ತೊಂದ್ರಿ ಏನಿಲ್ರಿ, ಮದಿವಿ ಆಗಿಲ್ಲ,” ಅಂದರು.

ಡಾಕ್ಟರರಿಗೆ ತಲೆಬುಡ ತಿಳಿಯುವ ಮುಂಚೆ ಇಡೀ ಓಣಿ ದವಾಖಾನೆಯ ಮುಂದೆ ಬಂದಿತ್ತು. ಹುಕುಮು ಅವರದು, ಆದ್ದರಿಂದ ಫೈಸಲಾ ಅವರದೇ ಎಂದು ಮಲಕಮ್ಮ ಎಲ್ಲರನ್ನೂ ಹೊರಡಿಸಿದ್ದಳು. ಬೆಳಗಿನಿಂದ ತಡೆದಿಟ್ಟ ಚಕ್ಕಡಿಯನ್ನು ಗೊಲ್ಲಾಳಮ್ಮ ಇತ್ತ ಹೊಡೆಸಿದ್ದಳು. ದೇವಿಂದ್ರಪ್ಪ ಮಾತ್ರ ಮೆಟ್ಟಿಲು ಹತ್ತಲಿಲ್ಲ, ಚಕ್ಕಡಿಯಲ್ಲೇ ಬೋರಲಾಗಿದ್ದ. ಡಾಕ್ಟರರೇ ಇಳಿದು ಬಂದು ನಾಡಿ ಹಿಡಿದರು. ಅವರ ಮುಖ ಇಳಿಯಿತು.

“ಜ್ವರ ವಿಪರೀತ ಇದೆ. ಇವತ್ತು ಕೊಯ್ಯದಿದ್ರೆ ಜೀವಕ್ಕೇ ಅಪಾಯ. ಯಜಮಾನ್ರೇ, ಅವನು ನಕ್ಕಿದ್ದು ಔಷಧಿ ಕಣ್ರೀ!”

“ದವಾ ಅಂದ್ರ ಕುಡದಾವನಿಗಿ ಆರಾಮಾಗಬೇಕು. ಇದು ನನ್ನ ಬಿಟ್ಟು ಊರಿಗೆಲ್ಲ ಆರಾಮಾಗ್ಯದ.”

“ಹಾಗಾದ್ರೆ ನಾನು ಕ್ಷಮೆ ಕೇಳ್ತೀನಿ.”

“ನೀವು ನಕ್ಕಿಲ್ಲ. ನಕ್ಕಾಂವ ಇವ.”

ಖಂಡಪ್ಪ ಚಕ್ಕಡಿಯ ಹತ್ತಿರ ಬಂದ. ಮೊದಲ ದಿನ ಬೂದಿಯಾಗಿದ್ದ ಆ ಮುಖ ಈಗ ಬೆವರಿ ಕಪ್ಪಿಟ್ಟಿತ್ತು, ಹಲ್ಲು ಕಟಕಟ ಅನ್ನುತ್ತಿದ್ದವು. ಖಂಡಪ್ಪನ ನಗೆ ಎಲ್ಲಿಗೆ ಹೋಯಿತೋ. “ಯಪ್ಪಾ, ಕಾಲ ಬೀಳ್ತೀನಿ. ಮಾಫಿ ಮಾಡ್ರಿ, ಒಳಗ ಬರ್ರಿ.”

“ಏ, ಮಾಫಿ ಕೇಳಬ್ಯಾಡ!” ಎಂದು ದೇವಿಂದ್ರಪ್ಪ ಕಿರುಚಿದ. “ಕೇಳಿದಿ ಅಂದ್ರ ನೀ ಬೀಗ ಅಲ್ಲಾಂತ ಖರೇ ಆಗ್ತದ!”

ಖಂಡಪ್ಪ ಅರ್ಧ ಬಗ್ಗಿದವನು ಅಲ್ಲಿಯೇ ನಿಂತ. ಕಾಲಿಗೆ ಬಿದ್ದರೆ ದೇವಿಂದ್ರಪ್ಪನಿಗೆ ಅವಮಾನ, ಬೀಳದೆ ಬೀಗನಾದರೆ ಮಗಳ ಮದುವೆ ಮುರಿಯುತ್ತದೆ, ಎರಡರ ನಡುವೆ ಒಬ್ಬ ಮನುಷ್ಯ ಸಾಯುತ್ತಾನೆ. ಅಮರಪ್ಪ ಕೂಡ ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ.

“ಸಾಕ್ ಮಾಡ್ರಿ!” ಎಂದು ಗೊಲ್ಲಾಳಮ್ಮ ಚಕ್ಕಡಿಯ ಗಾಲಿ ಹಿಡಿದು ನಿಂತಳು. “ಹೆಣ್ಣ ಹೆಣ್ಣ ಅಂತ ಯಾಕ ಕುಣೀತೀರಿ? ನಮಗ ಬೇಕಾಗಿದ್ದು ಹೆಣ್ಣಲ್ಲ, ಬೀಗತನ. ನಮ್ಮ ಹೊಲದ ಬದುವಿನ ಮ್ಯಾಲ ಅರಳಿ ಗಿಡ ಎದ್ಯದ. ಎರಡಾಳೆತ್ತರ ಆಗ್ಯದ, ಇನ್ನಾ ಮದಿವಿ ಇಲ್ಲ. ಮದಿವಿ ಆಗದ ಅರಳಿ ನೆಳ್ಳಾಗ ಕುಂಡ್ರಬಾರದು ಅಂತ ಇವರವ್ವ ಸಾಯೋತನ ಬಿಸಲಾಗೇ ಬುತ್ತಿ ಉಂಡಳು. ಅದಕ್ಕ ಬೇವಿನ ಹೆಣ್ಣು ಕೊಡಾವ್ರು ಬೇಕು. ಮಲಕಮ್ಮಾ, ನಿಮ್ಮ ಹಿತ್ತಲದಾಗ ಬೇವಿನ ಸಸಿ ಅದ ಏನು?”

“ಅದ!” ಅಂದಳು ದೇವಕ್ಕ, ತಾಯಿಗಿಂತ ಮೊದಲು. “ಮುಸುರಿ ನೀರು ಹಾಕಿ ನಾನೇ ಬೆಳಸೀನಿ. ನನ್ನ ತಂಗಿ ಇದ್ದಂಗ. ಇವತ್ತೇ ಕೊಡ್ರಿ!”

“ಹಂಗಾರ ಅದಕ್ಕೂ ನಾನೇ ಸೋದರಮಾವ,” ಅಂದ ಅಮರಪ್ಪ ಥಟ್ಟನೆ. “ರುಮಾಲಿನ ಮರ್ಯಾದಿ ನನಗ ಬರಬೇಕು, ಮೊದಲೇ ಹೇಳೀನಿ.”

ಡಾಕ್ಟರರ ಕಣ್ಣು ಅಗಲವಾದವು. “ಅರಳಿಗೂ ಬೇವಿಗೂ ಮದುವೆಯಾ? ಅಯ್ಯೋ, ನಮ್ಮೂರ ಕಟ್ಟೆ ಮೇಲೂ ಮಾಡ್ತಾರೆ ಕಣ್ರೀ! ನಮ್ಮ ಅಜ್ಜಿಯೇ ಒಂದು ಸಲ ಹೆಣ್ಣಿನ ಕಡೆಯವರಾಗಿದ್ರು!” ಈ ಸೀಮೆಗೆ ಬಂದ ಮೇಲೆ ಅವರು ಹೇಳಿದ ಮಾತುಗಳಲ್ಲಿ ಎಲ್ಲರೂ ತಲೆದೂಗಿದ್ದು ಇದಕ್ಕೆ ಮಾತ್ರ.

ಎಲ್ಲರೂ ಚಕ್ಕಡಿಯ ಕಡೆ ನೋಡಿದರು. ದೇವಿಂದ್ರಪ್ಪ ಕಣ್ಣು ಮುಚ್ಚಿ ಯೋಚಿಸಿದ. “ಬೇವು ಗಟ್ಟಿ ಮನಿತನ,” ಅಂದ ಕೊನೆಗೆ. ಎಲೆ ಅಡಿಕೆ ಕೈ ಬದಲಾದವು. ಗೊಲ್ಲಾಳಮ್ಮ ಸೊಂಟದ ಚೀಲದಿಂದ ಭಂಡಾರದ ಅರಿಶಿನ ತೆಗೆದು ಎರಡೂ ಕಡೆಯವರ ಹಣೆಗೆ ಬಳಿದಳು, ಅದೇ ಕೈಯಲ್ಲಿ ಡಾಕ್ಟರರ ಹಣೆಗೂ ಬಳಿದಳು. ಬೀಗನ ಭುಜ ಹಿಡಿದುಕೊಂಡು ದೇವಿಂದ್ರಪ್ಪ ಮೆಟ್ಟಿಲು ಹತ್ತಿದ.

ಮೇಜಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ಬೀಗರು. ಮರಗಟ್ಟಿಸುವ ಸೂಜಿ ತುಂಬಿಯಾಯಿತು. ಡಾಕ್ಟರರು ಹುಬ್ಬು ಹಾರಿಸಿದರು. ಈಗ ಖಂಡಪ್ಪನಿಗೆ ಪೂರಾ ಹಕ್ಕು ಬಂದಿದೆ, ಏನು ಬೇಕಾದರೂ ಅನ್ನಬಹುದು. ಆದರೆ ಬಾಯಿ ತೆರೆದರೆ ನಾಲಿಗೆ ಒಣಗಿ ಅಂಟಿಕೊಂಡಿದೆ. ಕೈಯಲ್ಲಿದ್ದ ತಟ್ಟೆ ಗಡಗಡ ನಡುಗುತ್ತಿದೆ.

ಕಾದು ಕಾದು ದೇವಿಂದ್ರಪ್ಪ ಕತ್ತು ಹೊರಳಿಸಿ ನೋಡಿದ. ಇಷ್ಟು ಹೆದರಿದ ಮನುಷ್ಯನನ್ನು ಅವನು ಹಿಂಡಿನಲ್ಲೂ ಕಂಡಿರಲಿಲ್ಲ. ಪಾಪ ಅನ್ನಿಸಿರಬೇಕು.

“ಬೀಗರ,” ಅಂದ, “ನಿಮ್ಮ ಹುಡುಗಿ ಬಾಯಿ ಭಾಳ ಕಹಿ ಅಂತ ಊರಾಗೆಲ್ಲ ಸುದ್ದಿ ಅದ. ಬೆಳಿಗ್ಗಿ ಎದ್ದು ಮಂದಿ ಆಕೀನ್ನ ಕಚ್ಚಿ ಕಚ್ಚಿ ಹಲ್ಲ ತಿಕ್ಕತಾರಂತ. ಇಂಥಾಕೀನ್ನ ನಮಗ ಕಟ್ಟೀರಲ್ಲ!”

ತಟ್ಟೆಯ ನಡುಕ ನಿಂತಿತು. ಖಂಡಪ್ಪನಿಗೆ ಬಾಯಿ ಬಂತು. “ನಿಮ್ಮ ಹುಡುಗ ಏನ್ ಕಡಿಮಿ ಅದಾನ್ರಿ ಬೀಗರ? ಗಾಳಿ ಇರಲಿ ಬಿಡಲಿ, ಹಗಲು ರಾತ್ರಿ ಪಟಪಟ ಪಟಪಟ ಮಾತಾಡ್ತಾನ. ನಮ್ಮಾಕಿ ಕಹಿ ಆದ್ರೇನಾತು, ಬಾಯಿ ಮುಚ್ಚಿಕೊಂಡಾದ್ರೂ ನಿಂದರ್ತಾಳ!”

“ಪಟಪಟ ಅನ್ನೋದು ಅವರವ್ವನ ಕಡಿಂದ ಬಂದದ್ದು!” ಅಂದ ದೇವಿಂದ್ರಪ್ಪ, ಹೆಂಡತಿಯಿದ್ದ ಬಾಗಿಲ ಕಡೆ ಗದ್ದ ತೋರಿಸಿ.

ಬಾಗಿಲ ಹೊರಗೆ ಗೊಲ್ಲಾಳಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ದೇವಿಂದ್ರಪ್ಪ ಮೇಜು ಅಲ್ಲಾಡುವಂತೆ ನಗುತ್ತಿದ್ದ. ಖಂಡಪ್ಪ ಕಣ್ಣೊರೆಸಿಕೊಂಡು ನಗುತ್ತಿದ್ದ. ಡಾಕ್ಟರರ ಸೂಜಿ ಮೇಲೆ ಹೋಗುತ್ತಿತ್ತು, ಕೆಳಗೆ ಬರುತ್ತಿತ್ತು, ಗುರಿ ಸಿಗುತ್ತಿರಲಿಲ್ಲ.

“ನಗಬೇಡ್ರೀ! ಒಂದು ನಿಮಿಷ ನಗೋದು ನಿಲ್ಲಿಸ್ರೀ, ನಿಮ್ಮ ದಮ್ಮಯ್ಯ!” ಎಂದು ನಗೆಯ ಔಷಧ ತಂದ ಡಾಕ್ಟರರೇ ಬೇಡಿಕೊಂಡರು.

ಸೂಜಿ ಹೋದದ್ದು, ಚೂರಿ ಆಡಿದ್ದು, ಅರ್ಧ ಬೋಗುಣಿ ಕೀವು ಇಳಿದದ್ದು ಯಾವಾಗ ಎಂದು ದೇವಿಂದ್ರಪ್ಪನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಖಂಡಪ್ಪ ಪಟ್ಟಿ ಕಟ್ಟಿ ಗಂಟು ಹಾಕಿದ. ಸಂಜೆಯ ಹೊತ್ತಿಗೆ ಜ್ವರ ಇಳಿಯಿತು.

“ಈಗ ಗೊತ್ತಾಯ್ತು ನೋಡು,” ಅಂದರು ಡಾಕ್ಟರರು ಕೈ ತೊಳೆಯುತ್ತ. “ಇನ್ಮೇಲೆ ರೋಗಿಗಳಿಗೆಲ್ಲ ಅವರವರ ಬೀಗರನ್ನ ಜೊತೇಲಿ ಕರ್ಕೊಂಡು ಬರೋಕೆ ಹೇಳ್ಬೇಕು.”

“ಬ್ಯಾಡ್ರಿ ಸಾಹೇಬ್ರ,” ಅಂದ ಖಂಡಪ್ಪ. “ಬೀಗರು ಬಂದ್ರ ಹೋಳಿಗಿ ಮಾಡಿಸಬೇಕಾಗ್ತದ.”

ದೇವಿಂದ್ರಪ್ಪ ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಬಾಗಿಲ ತನಕ ಹೋದವನು ನಿಂತ. ಮೂಲೆಯಲ್ಲಿ ಗಾಯ ತೊಳೆಯುವ ನೇರಳೆ ಬಣ್ಣದ ಔಷಧದ ನೀರು ಬಕೆಟ್ಟಿನ ತುಂಬ ಇತ್ತು. ಬೀಗರು ಓಕುಳಿ ಆಡದೆ ಹೋಗುವುದುಂಟೆ? ಚೊಂಬು ಮುಳುಗಿಸಿ ಖಂಡಪ್ಪನ ನೆತ್ತಿಯ ಮೇಲೆ ಪೂರಾ ಬೋರಲು ಹಾಕಿದ. ಮತ್ತೆ ಮುಳುಗಿಸಿ, ಹಣೆಯ ಮೇಲೆ ಭಂಡಾರವಿದ್ದ ಇನ್ನೊಬ್ಬರ ಕಡೆ ತಿರುಗಿದ. ಡಾಕ್ಟರರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ನಿಂತರು.